ಶನಿವಾರದ ಕಿರ್ದಿ

ಪುಣೆಯಲ್ಲಿ ಫ್ರೀಲಾನ್ಸ್ ಡಿಸೈನರ್ ಆಗಿರುವ ನನಗೆ ಜುಲೈ ಎಂದರೆ ರಿಟರ್ನ್ಸ್ ಚಿಂತೆ. ಒಮ್ಮೆ ಗ್ರಾಹಕರೊಬ್ಬರು ಬಿಲ್ಲಿನಲ್ಲಿ ಶೇ 10 ಟಿಡಿಎಸ್ ಮುರಿದುಕೊಂಡರು. 26ಎಎಸ್‌ನಲ್ಲಿ ಅದು ಕಾಣಲೇ ಇಲ್ಲ. ನಾನು ನೋಡುವಷ್ಟರಲ್ಲಿ ಅವರು ಕಚೇರಿಯನ್ನೇ ಮುಚ್ಚಿದ್ದರು. ತಪ್ಪು ಅವರದೇ, ಆದರೆ ಹತ್ತು ತಿಂಗಳು ನೋಡದೆ ಕುಳಿತವನು ನಾನು.

ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿಯಿಟ್ಟಿದ್ದ ಅಜ್ಜ ದಿನದ ಕಿರ್ದಿ ಬರೆಯದೆ ಊಟಕ್ಕೆ ಕೂರುತ್ತಿರಲಿಲ್ಲ. ಇಲ್ಲಿನ ಮರಾಠಿಯಲ್ಲೂ ಅದು ‘ಕೀರ್ದ್’. ಈಗ ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ವಹಿಯಲ್ಲಿ ಪ್ರತಿ ಶನಿವಾರ ಅರ್ಧ ಗಂಟೆ ಬರೆಯುತ್ತೇನೆ: ಕಳಿಸಿದ ಬಿಲ್ಲು, ಬಂದ ಹಣ, ಮುರಿದ ತೆರಿಗೆ, ಖರ್ಚು. ಮೂರು ತಿಂಗಳಿಗೊಮ್ಮೆ ತೆರಿಗೆ ಪೋರ್ಟಲ್ ಜೊತೆ ತಾಳೆ ನೋಡುತ್ತೇನೆ. ಮುಂಗಡ ತೆರಿಗೆಯ ಪಾಲು ಬೇರೆ ಖಾತೆಯಲ್ಲಿರುತ್ತದೆ.

ಸಿಎ ರಿಟರ್ನ್ಸ್ ತುಂಬಿಕೊಡಬಹುದು. ಹೋದ ಆಗಸ್ಟ್‌ನ ಬಿಲ್ಲನ್ನು ನೆನಪಿಸಿಕೊಡಲಾರರು. ಅದು ನಮ್ಮದೇ ಕೆಲಸ.