ವರ್ಷೋತ್ಸವದ ಕಥೆಗಳೂ ಕಥಾಧರ್ಮವೂ

ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು ೧೯೬೩ನೆಯ ಇಸವಿ ನವೆಂಬರ್ ೨೩ನೆಯ ತಾರೀಖು ಶನಿವಾರ ಸಾಯಂಕಾಲ 'ಡಾಕ್ಟರ್ ಹೂ' ಎಂಬ ದೂರದರ್ಶನ ಕಥಾಮಾಲೆಯನ್ನು ಮೊದಲುಮಾಡಿತು. ಅದರ ಪ್ರಥಮ ಕಥೆಯನ್ನು ನಿರ್ದೇಶಿಸಿದವರು ಲಖನೌ ನಗರದಲ್ಲಿ ಜನಿಸಿದ ವಾರಿಸ್ ಹುಸೇನ್ ಎಂಬವರು. ಕಥಾನಾಯಕನಾದ ಡಾಕ್ಟರನು ಗ್ಯಾಲಿಫ್ರೇ ಎಂಬ ಬೇರೊಂದು ಗ್ರಹದವನು; ಹೊರಗೆ ಪೋಲೀಸರ ನೀಲಿ ಪೆಟ್ಟಿಗೆಯಂತೆ ಕಾಣುವ, ಒಳಗೆ ಅರಮನೆಯಷ್ಟು ವಿಶಾಲವಾದ ಯಂತ್ರದಲ್ಲಿ ಭೂತಭವಿಷ್ಯತ್ತುಗಳನ್ನು ಸಂಚರಿಸತಕ್ಕವನು. ೧೯೮೯ರಲ್ಲಿ ನಿಂತು ೨೦೦೫ರಲ್ಲಿ ಮರಳಿ ಆರಂಭವಾದ ಈ ಮಾಲೆಯು ೨೦೨೩ರಲ್ಲಿ ತನ್ನ ಷಷ್ಟ್ಯಬ್ದಿಯನ್ನು ಆಚರಿಸಿಕೊಂಡಿತು. ಇಂಥ ಪರ್ವಗಳು ಬಂದಾಗ ವಿಶೇಷ ಕಥೆಯೊಂದನ್ನು ಕಟ್ಟಿ, ಹಿಂದಿನ ನಾಯಕರನ್ನೆಲ್ಲ ಒಂದೆಡೆ ಕೂಡಿಸಿ, ಅಭಿಮಾನಿಗಳನ್ನು ಸಂತೋಷಪಡಿಸುವುದು ಅಲ್ಲಿನ ಸಂಪ್ರದಾಯವಾಗಿದೆ. ಈ ಉತ್ಸವಕಥೆಗಳನ್ನು ಕೊಂಡಾಡುವವರು ಬಹುಮಂದಿ. ಅವುಗಳಲ್ಲಿ ಹೆಚ್ಚಿನವು ತಾವು ಯಾವುದನ್ನು ಕೊಂಡಾಡಹೊರಟವೋ ಅದರ ಪ್ರಾಣಕ್ಕೇ ವಿರುದ್ಧವಾಗಿವೆಯೆಂಬುದನ್ನು ಆಲೋಚಿಸುವವರು ವಿರಳ.

ಆ ಪ್ರಾಣವಾವುದು? ೧೯೬೬ರಲ್ಲಿ ಮೊದಲನೆಯ ನಟರಾದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯವು ಕೆಟ್ಟಿತು. ನಾಯಕನನ್ನು ಬಿಡುವಂತಿಲ್ಲ, ನಟರನ್ನು ಉಳಿಸಿಕೊಳ್ಳುವಂತಿಲ್ಲ. ಆಗ ಕಥೆಯಲ್ಲಿ ವೃದ್ಧ ಡಾಕ್ಟರನು ನೆಲಕ್ಕೆ ಕುಸಿದನು. ಎದ್ದವನ ಮುಖವು ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೊಬ್ಬ ನಟರದಾಗಿತ್ತು. ಕಷ್ಟಕಾಲದಲ್ಲಿ ಹೊಳೆದ ಈ ಕಾಯಾಂತರದ ಉಪಾಯವೇ ಮಾಲೆಗೆ ಆಯುಸ್ಸನ್ನು ಕೊಟ್ಟಿತು. ಸಾಯದ ನಾಯಕರು ಕಥೆಗಳಲ್ಲಿ ಎಷ್ಟೋ ಮಂದಿ ಉಂಟು. ಬದುಕಬೇಕಾದರೆ ತನ್ನ ಮುಖವನ್ನೂ ಸ್ವಭಾವವನ್ನೂ ಕಳೆದುಕೊಳ್ಳಲೇಬೇಕಾದ ನಾಯಕನು ಅಪೂರ್ವ. ಹೋದುದು ಹೋಯಿತು, ಆದರೂ ಕಥೆಯು ಮುಂದೆ ನಡೆಯಬೇಕು ಎಂಬುದೇ ಈ ಮಾಲೆಯ ಧರ್ಮವು. ಉತ್ಸವಕಥೆಯಾದರೋ, ಹೋದುದು ಯಾವುದೂ ಹೋಗಿಲ್ಲವೆಂದು ಸಾಧಿಸಲು ಹೊರಡುತ್ತದೆ. ವಿರೋಧವಿರುವುದು ಇಲ್ಲಿಯೇ.

ಮೊದಲನೆಯ ಉತ್ಸವಕಥೆಯು ಈ ದೋಷದಿಂದ ಬಹುಮಟ್ಟಿಗೆ ಪಾರಾಗಿದೆ. ೧೯೭೨ರ ಡಿಸೆಂಬರ್ ೩೦ರಿಂದ ನಾಲ್ಕು ಭಾಗಗಳಲ್ಲಿ ಪ್ರಸಾರವಾದ 'ದಿ ತ್ರೀ ಡಾಕ್ಟರ್ಸ್' ಎಂಬುದರಲ್ಲಿ ಆಗಿನ ನಾಯಕ ಜಾನ್ ಪರ್ಟ್ವೀ ಅವರೊಡನೆ ಟ್ರೌಟನ್ನರು ಸೇರಿದರು. ಇಬ್ಬರೂ ಒಬ್ಬನೇ ಆಗಿದ್ದರೂ ಒಬ್ಬರನ್ನೊಬ್ಬರು ಸಹಿಸದೆ ಜಗಳವಾಡುತ್ತಾರೆ. ಈ ಜಗಳದಿಂದಲೇ ನಾಟಕಕ್ಕೆ ಜೀವ ಬರುತ್ತದೆ. ಹಾರ್ಟ್ನೆಲ್ಲರಾದರೋ ಅಷ್ಟರಲ್ಲಿ ತೀರ ಅಸ್ವಸ್ಥರಾಗಿದ್ದರು. ಮಾತುಗಳು ನೆನಪಿನಲ್ಲಿ ನಿಲ್ಲದೆ, ಬರೆದು ಹಿಡಿದ ಫಲಕಗಳನ್ನು ನೋಡಿ ಓದಬೇಕಾಯಿತು. ಉಳಿದವರ ಜೊತೆಯಲ್ಲಿ ನಿಲ್ಲದೆ ಯಂತ್ರದ ಪರದೆಯ ಮೇಲೆ ಮಾತ್ರ ಅವರು ಕಾಣಿಸಿಕೊಂಡರು. ಅದೇ ಅವರ ಕೊನೆಯ ಅಭಿನಯವು, ೧೯೭೫ರಲ್ಲಿ ತೀರಿಕೊಂಡರು. ಆ ಪರದೆಯ ಹಿಂದಿನ ಕೃಶವಾದ ಮುಖವು ಕಾಲದ ಸತ್ಯವನ್ನು ಮುಚ್ಚಲಿಲ್ಲ. ಆದಕಾರಣವೇ ಅದು ಇಂದಿಗೂ ಮನಸ್ಸನ್ನು ಕಲಕುತ್ತದೆ.

ಇಪ್ಪತ್ತನೆಯ ವರ್ಷದ 'ದಿ ಫೈವ್ ಡಾಕ್ಟರ್ಸ್' ೧೯೮೩ರ ನವೆಂಬರಿನಲ್ಲಿ ಬಂದಿತು. ಹಾರ್ಟ್ನೆಲ್ಲರು ಗತಿಸಿದ್ದರಿಂದ ಆ ವೇಷವನ್ನು ರಿಚರ್ಡ್ ಹರ್ನ್‌ಡಾಲ್ ಎಂಬವರು ಧರಿಸಿದರು. ಟಾಮ್ ಬೇಕರ್ ಅವರು ಬರಲೊಪ್ಪದೆ ಹೋದದ್ದರಿಂದ, ೧೯೭೯ರಲ್ಲಿ ಮುಷ್ಕರದ ದೆಸೆಯಿಂದ ಅರ್ಧಕ್ಕೆ ನಿಂತಿದ್ದ 'ಶಾಡಾ' ಎಂಬ ಕಥೆಯ ತುಣುಕುಗಳನ್ನು ತಂದು ಹೊಲಿದರು. ಐದು ಎಂಬ ಲೆಕ್ಕವು ಭರ್ತಿಯಾಗಬೇಕಾಗಿತ್ತು, ಆಯಿತು. ವಿಚಿತ್ರವೇನೆಂದರೆ, ಈ ಕಥೆಯ ತಾತ್ಪರ್ಯವೇ ಇದನ್ನು ಖಂಡಿಸುತ್ತದೆ. ಗ್ಯಾಲಿಫ್ರೇಯ ಅಧ್ಯಕ್ಷನಾದ ಬೊರೂಸನು ಅಮರತ್ವವನ್ನು ಬಯಸಿ ರಾಸಿಲೋನನ ಸಮಾಧಿಗೆ ಹೋಗುತ್ತಾನೆ. ವರವು ದೊರೆಯುತ್ತದೆ, ಆದರೆ ಕಲ್ಲಿನಲ್ಲಿ ಸೆರೆಯಾದ ಜೀವಂತ ಮುಖವಾಗಿ. ಅಳಿವಿಲ್ಲದ ಬಾಳನ್ನು ಬಯಸುವವನಿಗೆ ಕಲ್ಲಾಗುವುದೇ ಶಿಕ್ಷೆಯೆಂದು ಸಾರಿದ ಕಥೆಯು, ಯಾವ ಮುಖವನ್ನೂ ಬಿಟ್ಟುಕೊಡಲೊಲ್ಲದ ಉತ್ಸವಕ್ಕಾಗಿ ರಚಿತವಾಯಿತಲ್ಲವೆ!

೧೯೯೩ರ ಮೂವತ್ತನೆಯ ವರ್ಷದ ವಿಷಯವನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. ಮಕ್ಕಳ ಸಹಾಯಾರ್ಥವಾದ ಚಂದಾ ಸಂಗ್ರಹದ ಕಾರ್ಯಕ್ರಮದಲ್ಲಿ 'ಡೈಮೆನ್ಷನ್ಸ್ ಇನ್ ಟೈಮ್' ಎಂಬ ಎರಡು ಚಿಕ್ಕ ಭಾಗಗಳು ಬಂದವು. ಡಾಕ್ಟರರನ್ನು 'ಈಸ್ಟ್‌ಎಂಡರ್ಸ್' ಎಂಬ ಬೇರೊಂದು ಧಾರಾವಾಹಿಯ ಬೀದಿಗೆ ತಂದು ಬಿಟ್ಟು, ಮುಂದೇನಾಗಬೇಕೆಂಬುದಕ್ಕೆ ಪ್ರೇಕ್ಷಕರಿಂದ ಟೆಲಿಫೋನಿನ ಮೂಲಕ ಮತ ಕೇಳಿದರು. ದಾನದ ಉದ್ದೇಶವು ಶ್ಲಾಘ್ಯವೇ ಸರಿ. ಕಥೆಯೆಂಬುದು ಮಾತ್ರ ಅಲ್ಲಿರಲಿಲ್ಲ.

ಐವತ್ತನೆಯ ವರ್ಷದ 'ದಿ ಡೇ ಆಫ್ ದಿ ಡಾಕ್ಟರ್' ೨೦೧೩ರ ನವೆಂಬರ್ ೨೩ರಂದು ೯೪ ದೇಶಗಳಲ್ಲಿ ಏಕಕಾಲದಲ್ಲಿ ಪ್ರಸಾರವಾಯಿತು. ಇದರ ರಚನಾಕೌಶಲವನ್ನು ಅಲ್ಲಗಳೆಯಲಾಗದು. ಜಾನ್ ಹರ್ಟ್ ಅವರ ಗಾಂಭೀರ್ಯವನ್ನಂತೂ ಮೆಚ್ಚಲೇಬೇಕು. ಆದರೆ ೨೦೦೫ರಿಂದ ಡಾಕ್ಟರನ ಎದೆಯಲ್ಲಿದ್ದ ಶಲ್ಯವೇನು? ಯುದ್ಧವನ್ನು ನಿಲ್ಲಿಸಲು ತನ್ನ ಗ್ರಹವನ್ನು ತಾನೇ ದಹಿಸಿದೆನೆಂಬ ಪಾಪಭಾರ. ಉತ್ಸವದ ದಿನ ಹದಿಮೂರು ಡಾಕ್ಟರರು ಕೂಡಿ ಗ್ರಹವನ್ನು ಉಳಿಸಿಬಿಟ್ಟರು! ೨೦೨೩ರಲ್ಲಿಯೂ ಇದೇ ಆಯಿತು. ೨೦೦೮ರಲ್ಲಿ ಡೋನಾ ಎಂಬ ಸಂಗಾತಿಯು ತನ್ನ ಸಾಹಸದ ನೆನಪುಗಳನ್ನೆಲ್ಲ ಕಳೆದುಕೊಂಡು ಮನೆ ಸೇರಿದ್ದಳು. ನೆನಪು ಮರಳಿದರೆ ಮರಣವೆಂಬ ನಿಯಮವಿತ್ತು. ಷಷ್ಟ್ಯಬ್ದಿಗಾಗಿ ನೆನಪು ಮರಳಿತು, ಮರಣ ಬರಲಿಲ್ಲ. ಕೊನೆಯ ಕಥೆಯಾದ 'ದಿ ಗಿಗಲ್' ಎಂಬುದರಲ್ಲಿ ಕಾಯಾಂತರದ ನಿಯಮವೇ ಮುರಿಯಿತು: ಹಳೆಯವನು ಅಳಿಯದೆ ಹೊಸಬನು ಅವನಿಂದ ಬೇರ್ಪಟ್ಟು ನಿಂತನು. ಹೊಸಬನು ಯಾತ್ರೆಗೆ ಹೊರಟನು, ಹಳಬನು ಸ್ನೇಹಿತರ ತೋಟದಲ್ಲಿ ಊಟಕ್ಕೆ ಕುಳಿತನು. ವಾನಪ್ರಸ್ಥವು ಸುಖಕರವಾದುದೆ. ಆದರೆ ಬೀಳ್ಕೊಡುಗೆಯ ಕಣ್ಣೀರಿಗೆ ಇನ್ನು ಬೆಲೆಯೇನು? ಕರುಣರಸಕ್ಕೆ ಸ್ಥಾಯಿಯಾದ ಶೋಕವನ್ನೇ ತೆಗೆದುಹಾಕಿ ರಸವನ್ನು ಬಯಸುವುದು ಬೇರು ಕಿತ್ತು ಫಲವನ್ನು ಬಯಸಿದಂತೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಉತ್ಸವವು ಭಕ್ತರ ಸಂತೋಷಕ್ಕಾಗಿ, ಅದನ್ನು ಅಲಂಕಾರಶಾಸ್ತ್ರದ ತಕ್ಕಡಿಯಲ್ಲಿಟ್ಟು ತೂಗುವುದು ಅರಸಿಕತನ, ಹಳಬರನ್ನು ಕರೆಯದಿದ್ದರೆ ಜನರು ಅವರನ್ನು ಮರೆಯುತ್ತಾರೆ, ಎಂದು. ಇದಕ್ಕೆ ಸಮಾಧಾನವು ಈ ಮಾಲೆಯಲ್ಲಿಯೇ ಇದೆ. ೧೯೮೮ರಲ್ಲಿ, ಬೆಳ್ಳಿಹಬ್ಬದ ಕಥೆಯೆಂದು ನವೆಂಬರ್ ೨೩ರಂದು ಮೊದಲಾದದ್ದು 'ಸಿಲ್ವರ್ ನೆಮೆಸಿಸ್' ಎಂಬುದು. ಆದರೆ ಅದಕ್ಕೆ ಮುಂಚೆ, ಅಕ್ಟೋಬರಿನಲ್ಲಿ, ಬೆನ್ ಆರನೊವಿಚ್ ಅವರು ಬರೆದ 'ರಿಮೆಂಬ್ರೆನ್ಸ್ ಆಫ್ ದಿ ಡಾಲೆಕ್ಸ್' ಎಂಬುದು ಬಂದಿತ್ತು. ಅದು ೧೯೬೩ನೆಯ ಇಸವಿಯ ಲಂಡನ್ನಿಗೆ, ಮೊದಲನೆಯ ಕಥೆಯಲ್ಲಿದ್ದ ಅದೇ ಶಾಲೆಗೆ ಹಿಂದಿರುಗುತ್ತದೆ. ಹಿಂದಿನ ಡಾಕ್ಟರರಲ್ಲಿ ಒಬ್ಬರನ್ನೂ ಕರೆತರದೆ ಪೂರ್ವಸ್ಮರಣೆಯನ್ನು ಹೇಗೆ ಮಾಡಬೇಕೆಂಬುದಕ್ಕೆ ಅದೇ ನಿದರ್ಶನ.

ಇನ್ನು ಮರೆವಿನ ಮಾತು. ೧೯೬೭ರಿಂದ ೧೯೭೮ರ ವರೆಗೆ ಇದೇ ಸಂಸ್ಥೆಯವರು ಹಳೆಯ ಸುರುಳಿಗಳನ್ನು ಅಳಿಸಿ ಪುನಃ ಉಪಯೋಗಿಸಿದರು, ಪ್ರತಿಗಳನ್ನು ಎಸೆದರು. ಮೂವರು ಡಾಕ್ಟರರ ದಶಮಾನೋತ್ಸವವು ನಡೆದ ಕಾಲದಲ್ಲಿಯೂ ಈ ಅಳಿಸುವ ಕೆಲಸ ಸಾಗಿತ್ತು. ತೊಂಬತ್ತಕ್ಕೆ ಮೇಲ್ಪಟ್ಟ ಭಾಗಗಳು ಹೀಗೆ ಕಾಣೆಯಾದವು. ಪ್ರಥಮ ಕಾಯಾಂತರವಿದ್ದ ಭಾಗವು ಕೂಡ ಇಡಿಯಾಗಿ ಉಳಿಯಲಿಲ್ಲ; ಆ ಕೆಲವು ಕ್ಷಣಗಳು ಮಾತ್ರ ಬೇರೊಂದು ಮಕ್ಕಳ ಕಾರ್ಯಕ್ರಮದಲ್ಲಿ ಸೇರಿದ್ದರಿಂದ ಬದುಕಿಕೊಂಡವು. ತೇರಿನ ದಿನ ಉತ್ಸವಮೂರ್ತಿಯು ಬೀದಿಯಲ್ಲಿ ಮೆರೆಯುವುದು ಗರ್ಭಗುಡಿಯಲ್ಲಿ ಮೂಲಮೂರ್ತಿಯು ಇರುವುದರಿಂದ. ಮೂಲವನ್ನು ಕರಗಿಸಿ ಮಾರಿದವರ ತೇರಿಗೆ ಎಷ್ಟು ದೀಪ ಹಚ್ಚಿದರೇನು?

೨೦೧೩ರ ಅಕ್ಟೋಬರಿನಲ್ಲಿ, ಸುವರ್ಣೋತ್ಸವಕ್ಕೆ ಕೆಲವು ವಾರಗಳ ಮುಂಚೆ, ನೈಜೀರಿಯಾ ದೇಶದಲ್ಲಿ ಟ್ರೌಟನ್ನರ ಕಾಲದ ಒಂಬತ್ತು ಭಾಗಗಳು ದೊರೆತ ವಾರ್ತೆಯು ಪ್ರಕಟವಾಯಿತು. ೧೯೬೭-೬೮ರ ಆರು ಭಾಗಗಳ 'ದಿ ಎನಿಮಿ ಆಫ್ ದಿ ವರ್ಲ್ಡ್' ಅದರಿಂದ ಸಂಪೂರ್ಣವಾಯಿತು. ಅಲ್ಲಿ ಯಾರ ಶೋಕವನ್ನೂ ರದ್ದುಮಾಡಲಿಲ್ಲ, ಯಾವ ನಿಯಮವನ್ನೂ ಮುರಿಯಲಿಲ್ಲ. ನಿಜವಾಗಿ ಕಳೆದುಹೋಗಿದ್ದ ವಸ್ತುವೊಂದು ಧೂಳು ಕೊಡವಿಕೊಂಡು ಮನೆಗೆ ಬಂದಿತು. ೯೪ ದೇಶಗಳ ಆಡಂಬರಕ್ಕಿಂತ ಈ ಒಂಬತ್ತು ಸುರುಳಿಗಳೇ ಆ ವರ್ಷದ ನಿಜವಾದ ಉತ್ಸವವೆಂದು ಹೇಳಬೇಕು. ಹಿಂದಿನವರು ಮಾಡಿದ್ದನ್ನು ಕಾಪಾಡುವುದು, ಮುಂದಿನವರಿಗೆ ಹೊಸ ಕಥೆಯನ್ನು ಹೇಳುವುದು, ಹೋಗತಕ್ಕವರನ್ನು ಗೌರವದಿಂದ ಕಳುಹಿಸಿಕೊಡುವುದು: ವರ್ಷೋತ್ಸವಕ್ಕೆ ಈ ಮೂರು ಸಾಕು. ಎಪ್ಪತ್ತನೆಯ ವರ್ಷವು ಬಂದಾಗ ಆ ಸಂಸ್ಥೆಯವರು ತೇರನ್ನು ಕಟ್ಟುವ ಮೊದಲು ಉಗ್ರಾಣದ ಬಾಗಿಲನ್ನು ತೆರೆದು ನೋಡುವುದು ಯೋಗ್ಯವು.