ಡಾಟ್ ರಿಚರ್ಡ್‌ಸನ್: ಆಪರೇಷನ್ ಥಿಯೇಟರಿನಿಂದ ಮತ್ತೆ ಮೈದಾನಕ್ಕೆ

2025ರ ಮೇ ತಿಂಗಳಲ್ಲಿ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಅದುವರೆಗೆ ನಡೆಯದೇ ಇದ್ದದ್ದು ನಡೆಯಿತು. ರಾಷ್ಟ್ರೀಯ ಟೂರ್ನಿಯ ಅಗ್ರ ಶ್ರೇಯಾಂಕಿತ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಅದರ ಮೈದಾನದಲ್ಲೇ, ಮೊದಲ ಘಟ್ಟದಲ್ಲೇ, ಲಿಬರ್ಟಿ ವಿಶ್ವವಿದ್ಯಾಲಯದ ಹುಡುಗಿಯರು ಹೊರದಬ್ಬಿದರು. ಅವರ ಕೋಚ್ ಡಾಟ್ ರಿಚರ್ಡ್‌ಸನ್ ಅವರಿಗೆ ಆಗ 63 ವರ್ಷ. ಅವರ ಆಟದ ಬದುಕನ್ನು ಒಮ್ಮೆ ಹಿಂತಿರುಗಿ ನೋಡಲು ಇದು ತಕ್ಕ ಹೊತ್ತು.

ಫ್ಲಾರಿಡಾದ ಆರ್ಲಾಂಡೊದಲ್ಲಿ ಸೋದರನೊಂದಿಗೆ ಚೆಂಡು ಎಸೆದಾಡುತ್ತಿದ್ದ ಹತ್ತು ವರ್ಷದ ಬಾಲಕಿ ಡಾಟ್‌ಳ ತೋಳಿನ ಕಸುವನ್ನು ಹುಡುಗರ ಬೇಸ್‌ಬಾಲ್ ಕೋಚ್ ಒಬ್ಬರು ಕಂಡರು. ಕೂದಲು ಕತ್ತರಿಸಿಕೊಂಡು, ಬಾಬ್ ಎಂಬ ಹೆಸರಿಟ್ಟುಕೊಂಡರೆ ತಂಡಕ್ಕೆ ಸೇರಿಸಿಕೊಳ್ಳುವೆ ಎಂದರು. ಆಕೆ ಒಲ್ಲೆ ಎಂದಳು. ಹದಿಮೂರಕ್ಕೇ ಆರ್ಲಾಂಡೊ ರೆಬೆಲ್ಸ್ ಮಹಿಳಾ ತಂಡದಲ್ಲಿ ದೊಡ್ಡವರ ಸರಿಸಮ ಆಡತೊಡಗಿದಳು. ಈ ನಡುವೆ 1972ರಲ್ಲಿ, ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದೆಂದು ಹೇಳುವ ‘ಟೈಟಲ್ ನೈನ್’ ಕಾನೂನು ಬಂತು. ಕಾಲೇಜುಗಳು ಹುಡುಗಿಯರ ಆಟಕ್ಕೂ ಹಣ, ಮೈದಾನ ಕೊಡಲೇಬೇಕಾಯಿತು. ಆ ತಲೆಮಾರಿನ ಪ್ರತಿಭೆಗೆ ದಾರಿ ಮಾಡಿಕೊಟ್ಟದ್ದು ಈ ಕಾನೂನು. ಪ್ರತಿಭೆಯನ್ನಷ್ಟೇ ಹೊಗಳಿ ಕಾನೂನನ್ನು ಮರೆಯುವುದು ನ್ಯಾಯವಲ್ಲ. 1982ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಡೆಸಿದ ಮೊದಲ ಮಹಿಳಾ ಸಾಫ್ಟ್‌ಬಾಲ್ ಚಾಂಪಿಯನ್‌ಷಿಪ್ ಗೆದ್ದ ಯುಸಿಎಲ್ಎ ವಿಶ್ವವಿದ್ಯಾಲಯದ ತಂಡದಲ್ಲಿ ರಿಚರ್ಡ್‌ಸನ್ ಇದ್ದರು.

ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಅವರು ವೈದ್ಯೆಯಾಗಿ, ಲಾಸ್ ಏಂಜಲೀಸ್‌ನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿದ್ದರು. ಅಭ್ಯಾಸಕ್ಕೆ ಬಿಡುವಿಲ್ಲದೆ ಮಲಗುವ ಕೋಣೆಯಲ್ಲೇ ಬ್ಯಾಟಿಂಗ್ ಬಲೆ ಕಟ್ಟಿಕೊಂಡಿದ್ದರು. ಜಾರ್ಜಿಯಾದ ಕೊಲಂಬಸ್‌ನಲ್ಲಿ ಚೀನಾ ಎದುರು ಫೈನಲ್. ಮೂರನೇ ಇನಿಂಗ್ಸ್‌ನಲ್ಲಿ ಅವರು ಬಾರಿಸಿದ ಚೆಂಡು ಬಲಬದಿಯ ಫೌಲ್ ಗೆರೆಯ ಆಸುಪಾಸಿನಲ್ಲೇ ಬೇಲಿ ದಾಟಿತು. ಅದು ಗೆರೆಯಾಚೆ ಹೋದ ಫೌಲ್ ಎಂದು ಚೀನಾ ತಕರಾರು ತೆಗೆಯಿತು, ಆಟ ನಿಂತಿತು. ಅಂಪೈರ್ ತೀರ್ಪು ಬದಲಾಗಲಿಲ್ಲ. ಹೋಂರನ್ ಊರ್ಜಿತವಾಗಿ ಎರಡು ರನ್ ದಕ್ಕಿದವು. ಅಮೆರಿಕ 3-1ರಿಂದ ಚಿನ್ನ ಗೆದ್ದಿತು. ಪದಕ ಕೊರಳಿಗೇರಿದ ಬೆನ್ನಲ್ಲೇ ಅವರು ಆಸ್ಪತ್ರೆಗೆ ಮರಳಿದರು. 2000ದ ಸಿಡ್ನಿಯಲ್ಲಿ ಎರಡನೇ ಚಿನ್ನ.

ಜನ ನೆನೆಯುವುದು ಆ ಹೋಂರನ್ನನ್ನೇ. ಆದರೆ 2013ರ ನಿರ್ಧಾರ ಅದಕ್ಕಿಂತ ತೂಕದ್ದು. ದುಡಿದು ಸಂಪಾದಿಸಿದ ವೈದ್ಯವೃತ್ತಿಯನ್ನು ಬದಿಗಿಟ್ಟು, ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ, ಸಾಫ್ಟ್‌ಬಾಲ್‌ನಲ್ಲಿ ದೊಡ್ಡ ಹೆಸರೇನೂ ಇಲ್ಲದ ಲಿಬರ್ಟಿ ತಂಡದ ಹೊಣೆ ಹೊತ್ತರು. ಅಲ್ಲಿ ಒಂದು ದೊಡ್ಡ ಗೆಲುವಿಗೆ ವರ್ಷಗಟ್ಟಲೆ ಕಾಯಬೇಕು, ಪ್ರತಿ ನಾಲ್ಕು ವರ್ಷಕ್ಕೆ ತಂಡವನ್ನೇ ಹೊಸದಾಗಿ ಕಟ್ಟಬೇಕು. ಟೆಕ್ಸಸ್ ಎ ಅಂಡ್ ಎಂ ವಿರುದ್ಧದ ಗೆಲುವಿನ ನಂತರ ಆರೆಗನ್ ತಂಡದ ಮುಂದೆ ಅವರ ಹುಡುಗಿಯರು ಸೋತರು ನಿಜ. ಆದರೂ ಎರಡು ಚಿನ್ನದ ಪದಕಗಳ ಪಕ್ಕದಲ್ಲಿ ಈ ಹನ್ನೆರಡು ವರ್ಷಗಳ ದುಡಿಮೆಯನ್ನು ಇಟ್ಟು ನೋಡಿದರೆ, ಹೆಚ್ಚಿನದು ದುಡಿಮೆಯೇ ಎಂಬುದು ನಮ್ಮ ಖಚಿತ ಅಭಿಪ್ರಾಯ.