ಮೂಗು ದೊಡ್ಡದಾಯಿತೆಂಬ ಮುನಿಸು

ಒಬ್ಬರ ಕಾಯಕವನ್ನು ನಾವು ನಿಜವಾಗಿ ಗೌರವಿಸುತ್ತೇವೆಯೋ ಇಲ್ಲವೋ ಎಂಬುದು ಅದರ ಫಲ ನಮಗೆ ಹಿತವಾಗಿರುವಾಗ ತಿಳಿಯುವುದಿಲ್ಲ. ಅದು ನಮಗೆ ಕೊಂಚ ಇರುಸುಮುರುಸು ಉಂಟುಮಾಡಿದಾಗ ತಿಳಿಯುತ್ತದೆ. ಈ ಮಾತು ನಮಗೆ ಮನವರಿಕೆಯಾದದ್ದು ಕೆಲವು ವರ್ಷಗಳ ಹಿಂದೆ, ಕ್ಯಾಸಂಬಳ್ಳಿಯಲ್ಲಿ ನಡೆದ ಬಂಧುಗಳ ಮನೆಯ ಮದುವೆಯಲ್ಲಿ. ಅಂದು ನಾವು ನಡೆದುಕೊಂಡ ರೀತಿಯನ್ನು ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ಇಡುತ್ತಿದ್ದೇವೆ.

ಕ್ಯಾಸಂಬಳ್ಳಿ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಸಮೀಪದ ಊರು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆ ಅದು. ಮದುವೆಯ ಹಿಂದಿನ ಸಂಜೆ ಮಂಟಪದ ಬಾಗಿಲ ಬಳಿ ನಡುವಯಸ್ಸಿನ ಚಿತ್ರಕಾರರೊಬ್ಬರು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಕುಳಿತಿದ್ದರು. ಬಂದ ಅತಿಥಿಗಳನ್ನು ಎದುರಿಗೆ ಕೂರಿಸಿಕೊಂಡು, ಐದಾರು ನಿಮಿಷಗಳಲ್ಲಿ ಅವರ ವ್ಯಂಗ್ಯ ಭಾವಚಿತ್ರ ಬರೆದುಕೊಡುವುದು ಅವರ ಕೆಲಸ. ಬೆಂಗಳೂರಿನ ಮದುವೆಗಳಲ್ಲಿ ಕಂಡ ಈ ಏರ್ಪಾಡು ಹುಡುಗಿಯ ತಮ್ಮನಿಗೆ ಮೆಚ್ಚುಗೆಯಾಗಿ, ಅವನೇ ಅವರನ್ನು ಕರೆಸಿದ್ದನು.

ಪತ್ರಿಕೆಯಲ್ಲಿ ಬರುವ ವ್ಯಂಗ್ಯಚಿತ್ರ ಒಂದು ಪ್ರಸಂಗವನ್ನು ಹೇಳುತ್ತದೆ; ವ್ಯಂಗ್ಯ ಭಾವಚಿತ್ರವಾದರೋ ಒಂದು ಮುಖವನ್ನು ಹೇಳುತ್ತದೆ. ಇದಕ್ಕೆ ಕ್ಯಾರಿಕೇಚರ್ ಎಂಬ ಹೆಸರು ಬಂದದ್ದು ‘ಹೊರೆ ಹೇರು’ ಎಂಬ ಅರ್ಥದ ಇಟಲಿಯ ಮಾತಿನಿಂದ. ಮುಖದಲ್ಲಿ ಇಲ್ಲದ್ದನ್ನು ತಂದು ಸೇರಿಸುವುದಲ್ಲ, ಇರುವುದರ ಮೇಲೆ ಇನ್ನಷ್ಟು ಹೇರುವುದು ಈ ವಿದ್ಯೆ. ಯಾವುದರ ಮೇಲೆ ಹೇರಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಒಂದೇ ನೋಟದಲ್ಲಿ ನಿಶ್ಚಯಿಸಬೇಕು. ಮಸಿಯ ಗೆರೆ ಒಮ್ಮೆ ಬಿದ್ದರೆ ಅಳಿಸುವಂತಿಲ್ಲ.

ಅಂದು ನಮ್ಮ ದೊಡ್ಡಪ್ಪನವರೂ ಆ ಕುರ್ಚಿಯಲ್ಲಿ ಕುಳಿತರು. ಚಿತ್ರ ಮುಗಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಹಾಳೆಯ ಅರ್ಧಭಾಗವನ್ನು ದೊಡ್ಡಪ್ಪನವರ ಮೂಗೇ ಆವರಿಸಿತ್ತು. ಅವರು ತಾವೇ ನಗುತ್ತಿದ್ದರೂ ನಮಗೆ ಮಾತ್ರ ಸಿಟ್ಟು ಬಂದಿತು. ನಾಲ್ಕು ಜನರ ನಡುವೆ ಹಿರಿಯರನ್ನು ಹೀಗೆ ಹಾಸ್ಯಕ್ಕೆ ಈಡುಮಾಡಬಹುದೇ ಎಂದು ಗದರಿದೆವು. ಮೂಗನ್ನು ಚಿಕ್ಕದು ಮಾಡಿ ಬೇರೊಂದು ಬರೆಯಿರೆಂದು ಹೇಳಿದೆವು. ಅವರು ಮರುಮಾತಾಡದೆ ಇನ್ನೊಂದು ಹಾಳೆ ತೆಗೆದರು. ಎರಡನೆಯ ಚಿತ್ರ ನಯವಾಗಿತ್ತು. ಅದನ್ನು ಮನೆಗೆ ತಂದೆವು. ಮೊದಲನೆಯದು ಏನಾಯಿತೆಂದು ನಾವು ವಿಚಾರಿಸಲಿಲ್ಲ.

ರಾತ್ರಿ ಪ್ರಸಾದದ ಪಂಕ್ತಿಯಲ್ಲಿ ಅವರು ನಮ್ಮ ಪಕ್ಕದಲ್ಲಿಯೇ ಕುಳಿತರು. ಸಿಟ್ಟು ಇಳಿದಿದ್ದುದರಿಂದ ಮಾತು ಬೆಳೆಯಿತು. ಅವರ ತಂದೆ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದಾಗ ಮನೆಯ ಭಾರ ಮಗನ ಮೇಲೆ ಬಿದ್ದಿತು. ಅಂಗಡಿಗಳ ನಾಮಫಲಕ ಬರೆಯುವ ಕೆಲಸ ಕೈಹಿಡಿದಿತ್ತು. ಫ್ಲೆಕ್ಸ್ ಬಂದ ಮೇಲೆ ಕುಂಚದಿಂದ ಬರೆಸುವವರೇ ಇಲ್ಲವಾದರು. ಆಗ ಅವರು ಮುಖ ಬರೆಯುವುದನ್ನು ಕಲಿತರು. ಕಲಿತದ್ದು ಬೆಂಗಳೂರಿಗೆ ಹೋಗುವ ರೈಲಿನಲ್ಲಿ. ನಿತ್ಯ ಕೂಲಿನಾಲಿಗೆಂದು ಹೋಗುವವರ ಮುಖಗಳನ್ನು ಹಳೆಯ ನೋಟುಪುಸ್ತಕದಲ್ಲಿ ಬರೆಯುತ್ತ ಬರೆಯುತ್ತ ಕೈ ಪಳಗಿತಂತೆ.

ಕಷ್ಟವೇನೆಂದು ಕೇಳಿದೆವು. ಆಷಾಢದಲ್ಲಿ ಮುಹೂರ್ತಗಳಿಲ್ಲ, ಆದ್ದರಿಂದ ಕೆಲಸವೂ ಇಲ್ಲ. ಅದು ತಿಳಿದ ಸಂಗತಿ, ಸಹಿಸಬಹುದು ಎಂದರು. ಮೂರು ಗಂಟೆಯ ಕೆಲಸಕ್ಕೆಂದು ಒಪ್ಪಿ ಬಂದಲ್ಲಿ ಐದು ಗಂಟೆ ಕುಳಿತರೂ ಸಾಲು ಕರಗುವುದಿಲ್ಲ, ಕತ್ತು ಸೆಟೆದುಕೊಳ್ಳುತ್ತದೆ, ಅದೂ ಇರಲಿ. “ಹೇಗೂ ಕೂತಿದ್ದೀರಲ್ಲ, ನಮ್ಮದೂ ಒಂದು ಗೀಚಿಕೊಡಿ” ಎನ್ನುತ್ತಾರೆ. ಒಬ್ಬರು ತಲೆಗೆ ಕೂದಲು ಹಾಕಿರೆನ್ನುತ್ತಾರೆ, ಇನ್ನೊಬ್ಬರು ಹೊಟ್ಟೆ ತೆಗೆಯಿರೆನ್ನುತ್ತಾರೆ. ತಮ್ಮ ಗಂಡನ ಚಿತ್ರ ನೋಡಿ ನಕ್ಕವರೇ ತಮ್ಮದನ್ನು ನೋಡಿ ಮುಖ ಗಂಟಿಕ್ಕುತ್ತಾರೆ. “ಎಲ್ಲರಿಗೂ ಪಕ್ಕದವರ ಚಿತ್ರವೇ ಸರಿಯಾಗಿ ಬಂದಿರುತ್ತದೆ ಸ್ವಾಮಿ” ಎಂದು ಅವರು ನಕ್ಕರು. ಆಮೇಲೆ ಮೆಲ್ಲನೆ ಹೇಳಿದರು: “ನಿಮ್ಮ ದೊಡ್ಡಪ್ಪನವರ ಮೂಗು ದೊಡ್ಡದೆಂದು ನಾನು ಬರೆಯಲಿಲ್ಲ. ಅವರು ನಗುವುದಕ್ಕೆ ಮೊದಲು ಮೂಗು ಅರಳುತ್ತದೆ. ಅದನ್ನು ಬರೆದೆ.”

ಈ ಬಗೆಯ ಮುನಿಸು ಹೊಸದಲ್ಲ. ಫ್ರಾನ್ಸ್ ದೇಶದಲ್ಲಿ ದೋಮಿಯೇ ಎಂಬ ಕಲಾವಿದನು ತನ್ನ ದೊರೆ ಲೂಯಿ ಫಿಲಿಪ್ಪನನ್ನು ಪ್ರಜೆಗಳ ಹಣ ನುಂಗುವ ದೈತ್ಯನಂತೆ 1831ರಲ್ಲಿ ಚಿತ್ರಿಸಿ, ಮರುವರ್ಷ ಸೆರೆಮನೆಯನ್ನು ಕಂಡನು. ನಮ್ಮ ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ಅವರ ಚಿತ್ರಗಳಲ್ಲಿ ಬೇಕಾದ ಪ್ರತಿಭೆಯಿಲ್ಲವೆಂಬುದು ಕಾರಣ. ಅವರು ಎದೆಗುಂದಲಿಲ್ಲ. ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದರು. ಮುಂದೆ ಮುಂಬಯಿಯ ಪತ್ರಿಕೆಯೊಂದರಲ್ಲಿದ್ದಾಗ, ಇಂಥ ಪಕ್ಷದವರನ್ನು ಗೇಲಿಮಾಡಕೂಡದೆಂದು ಮಾಲೀಕರು ಕಟ್ಟುಮಾಡಿದುದಕ್ಕೆ ಆ ಕೆಲಸವನ್ನೇ ಬಿಟ್ಟು ಟೈಮ್ಸ್ ಆಫ್ ಇಂಡಿಯಾ ಸೇರಿದರು. 1951ರಿಂದ ದಶಕಗಳ ಕಾಲ ಅವರು ಬರೆದ ಪುಟ್ಟ ಚಿತ್ರದ ಮೂಲೆಯಲ್ಲಿ, ಚೌಕುಳಿ ಕೋಟಿನ ಶ್ರೀಸಾಮಾನ್ಯನು ಒಂದು ಮಾತೂ ಆಡದೆ ನಿಂತು ದೇಶವನ್ನೆಲ್ಲ ನೋಡಿದನು. 2015ರಲ್ಲಿ ಲಕ್ಷ್ಮಣ್ ತೀರಿಕೊಂಡಾಗ ದೇಶವೇ ಅವರನ್ನು ನೆನೆಯಿತು.

ಲಕ್ಷ್ಮಣರಿಗೆ ಕೆಲಸ ಬಿಟ್ಟು ಹೋಗಲು ಇನ್ನೊಂದು ಪತ್ರಿಕೆಯಿತ್ತು. ಮದುವೆ ಮಂಟಪದ ಬಾಗಿಲಲ್ಲಿ ಕುಳಿತವರಿಗೆ ಎಲ್ಲಿಯ ಇನ್ನೊಂದು ಬಾಗಿಲು? ಆ ಸಂಜೆಯ ಹಣದಲ್ಲಿ ಮನೆಯ ದಿನಸಿ ಬರಬೇಕು. ಆದ್ದರಿಂದ ಅವರು ಮೂಗನ್ನು ಚಿಕ್ಕದು ಮಾಡಿದರು. ತಾವು ಕಂಡ ಸತ್ಯವನ್ನು ತಮ್ಮ ಕೈಯಿಂದಲೇ ತಿದ್ದಬೇಕಾಗಿ ಬರುವುದೇ ಈ ವೃತ್ತಿಯ ದೊಡ್ಡ ನೋವು ಎಂಬುದು ನಮಗೆ ಅಂದು ಪೂರ್ತಿಯಾಗಿ ತಿಳಿಯಲಿಲ್ಲ.

ತಿಳಿದದ್ದು ದೊಡ್ಡಪ್ಪನವರು ಲಿಂಗೈಕ್ಯರಾದ ಮೇಲೆ. ಆ ನಯವಾದ ಚಿತ್ರ ಇಂದಿಗೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅವರನ್ನು ಕಾಣದ ಮೊಮ್ಮಗುವೊಂದು ಇದು ಯಾರೆಂದು ಕೇಳಿದರೆ ಆಶ್ಚರ್ಯವಿಲ್ಲ. ಅವರ ಜೊತೆ ಆಡಿ ಬೆಳೆದ ಮಕ್ಕಳೇ ಒಮ್ಮೆ ಹಾಗೆ ಕೇಳಿದರು! ನಮ್ಮಲ್ಲಿ ಅವರ ಛಾಯಾಚಿತ್ರಗಳು ಹಲವಿವೆ. ಎಲ್ಲದರಲ್ಲಿಯೂ ಅವರು ಬಿಗಿದುಕೊಂಡು ನಿಂತಿದ್ದಾರೆ. ನಗುವ ಮುನ್ನ ಅರಳುತ್ತಿದ್ದ ಆ ಮೂಗು ಒಂದೇ ಒಂದು ಹಾಳೆಯ ಮೇಲೆ ಉಳಿದಿತ್ತು. ಅದನ್ನು ಬೇಡವೆಂದವರು ನಾವೇ.

ಈಗ ಮೊಬೈಲಿಗೆ ಒಂದು ಫೋಟೋ ಕೊಟ್ಟರೆ ಕ್ಷಣದಲ್ಲಿ ಯಂತ್ರವೇ ಇಂಥ ಚಿತ್ರ ಬರೆಯುತ್ತದೆ. ಅದು ಕೂದಲು ಹಾಕೆಂದರೆ ಹಾಕುತ್ತದೆ, ಹೊಟ್ಟೆ ತೆಗೆಯೆಂದರೆ ತೆಗೆಯುತ್ತದೆ, ಅದಕ್ಕೆ ನೋವಿಲ್ಲ. ಆದರೆ ಅದು ಎದುರಿಗೆ ಕುಳಿತು ನಮ್ಮ ನಗೆಗಾಗಿ ಕಾಯುವುದಿಲ್ಲ. ನಮ್ಮನ್ನು ಐದು ನಿಮಿಷ ಕಣ್ಣೆತ್ತಿ, ಮನಸ್ಸಿಟ್ಟು ನೋಡುವ ಅಪರಿಚಿತರು ಬಾಳಿನಲ್ಲಿ ಎಷ್ಟು ಮಂದಿ ಸಿಕ್ಕಾರು?

ಬರುವ ಲಗ್ನಗಳಲ್ಲಿ ನಿಮಗೂ ಇಂಥವರು ಎದುರಾಗಬಹುದು. ಒಪ್ಪಿದ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ನಡುವೆ ನೀರು ಕೊಟ್ಟು ವಿಶ್ರಾಂತಿಗೆ ಬಿಡಿರಿ. ಪುಕ್ಕಟೆ ಬರೆಸಿಕೊಳ್ಳುವ ಆಸೆ ಬೇಡ. ಚಿತ್ರ ಕೈಗೆ ಬಂದಾಗ ಮುಖ ಗಂಟಿಕ್ಕುವ ಮೊದಲು ಮನೆಯ ಮಕ್ಕಳ ಕೈಗೆ ಕೊಟ್ಟು ನೋಡಿರಿ. ಅವರು ನೋಡಿದೊಡನೆ ಗುರುತಿಸಿ ನಕ್ಕರೆ, ಆ ಹಾಳೆಯನ್ನು ಜೋಪಾನವಾಗಿ ಎತ್ತಿಡಿರಿ. ನಾವು ಕಳೆದುಕೊಂಡದ್ದನ್ನು ನೀವಾದರೂ ಕಳೆದುಕೊಳ್ಳದಿರಿ.